ಎರಡು ಸಲ ತೊಳೆದ ಬಟ್ಟಲು

ರೇವಣಸಿದ್ಧಯ್ಯನವರ ಮುಂದೆ ಸೊಸೆ ಸಾರಿಕಾ ಮೂರು ಬಟ್ಟಲು ಕಾಫಿ ಇಟ್ಟಳು. ಇಟ್ಟವಳು ಎದ್ದು ಒಳಗೆ ಹೋಗಬೇಕೋ ಬೇಡವೋ? ಹೋಗಲಿಲ್ಲ. ಮಾವನ ಬಾಯನ್ನೇ ನೋಡುತ್ತ ಎದುರಿಗೆ ಕೂತುಬಿಟ್ಟಳು. ಅಯ್ಯನವರ ತಲೆ ಕೆಡಲು ಅಷ್ಟೇ ಸಾಕಾಯಿತು. ಜಂಗಮರ ಮನೆತನದಲ್ಲಿ ಹುಟ್ಟಿದವರು. ಉಮರ್ಗಾದಿಂದ ಹಿಡಿದು ಮುರುಮ, ನಿಲಂಗಾ, ಉದಗೀರ, ಜಳಕೋಟದ ತನಕ ಭಕ್ತರ ಮನೆಗಳಲ್ಲಿ ಲಗ್ನ, ತೊಟ್ಟಿಲು, ವಾಸ್ತು ಮಾಡಿಸಿ ಉಂಡು ಬಂದವರು. ಬಾಯಿಗೆ ಹೋದ ತುತ್ತಿನ ಫಲಿತಾಂಶಕ್ಕಾಗಿ ಯಾರೂ ಹೀಗೆ ಕಾದು ಕೂತದ್ದಿರಲಿಲ್ಲ.

"ಒಂದೊಂದೇ ಕುಡೀರಿ ಮಾವಾರ. ಸಾವಕಾಶ. ಆಮ್ಯಾಲ ಯಾವುದು ಛಲೋ ಅದ ಹೇಳ್ರಿ," ಎಂದಳು ಸಾರಿಕಾ.

ಮೊದಲನೆಯದು ಹುಳಿಯಾಗಿತ್ತು. ಕಾಫಿ ಹುಳಿಯಾಗುವುದುಂಟೇ? ಹಾಲು ಒಡೆದಿರಬೇಕು ಎಂದುಕೊಂಡರೆ ಅದಕ್ಕೆ ಹಾಲೇ ಹಾಕಿರಲಿಲ್ಲ. ಎರಡನೆಯದರಲ್ಲಿ ಹುರಿದ ಶೇಂಗಾದ ವಾಸನೆ, ಕೊನೆಗೆ ಎಲ್ಲೋ ಬೆಲ್ಲದ ನೆನಪು. ಬೆಲ್ಲವನ್ನೂ ಹಾಕಿರಲಿಲ್ಲ. ಮೂರನೆಯದು ನಾಲಿಗೆಗೆ ತಾಗಿದ ಕೂಡಲೇ ಅಯ್ಯನವರ ಕಿವಿಯವರೆಗೂ ಕಹಿ ಏರಿತು, ಹೊಗೆಯ ನಾತ ಮೂಗಿನಿಂದ ಹೊರಬಂತು.

ಮೂರನ್ನೂ ಹನಿ ಬಿಡದೆ ಕುಡಿದರು. ಪ್ರತಿ ಬಟ್ಟಲಿಗೂ ಗುಟುಕು ನೀರು ಹಾಕಿ, ತಿರುವಿ, ಆ ನೀರನ್ನೂ ಕುಡಿದರು. ಮೂರನೆಯ ಬಟ್ಟಲನ್ನು ಎರಡು ಸಲ ತೊಳೆದರು.

"ಈಗ ಹೇಳ್ರಿ."

"ಛಲೋ ಅವ."

"ಯಾವುದು?"

"ಮೂರೂ."

ಅಡ್ಡಗೋಡೆಯ ಮೇಲೆ ದೀಪ ಇಡುವ ಜಾಣತನ ಇದು ಎಂದು ಬೇರೆಯವರು ಅಂದಾರು. ಅಯ್ಯನವರಲ್ಲಿ ಅಷ್ಟು ಜಾಣತನ ಇದ್ದಿದ್ದರೆ ಯಾವತ್ತೋ ಮಠದ ಕಾರಭಾರಿ ಆಗಿರುತ್ತಿದ್ದರು. ಅವರಿಗೆ ದೀಕ್ಷೆಯಾದ ದಿನ ತಂದೆ ಎರಡೇ ಮಾತು ಹೇಳಿದ್ದರು: ತಾಟಿಗೆ ಬಿದ್ದದ್ದು ಪ್ರಸಾದ, ಅದನ್ನು ಬಿಡಬಾರದು; ಪ್ರಸಾದಕ್ಕೆ ಹೆಸರಿಡಬಾರದು. ಅಂದರೆ ಚೆನ್ನಾಗಿಲ್ಲ ಅನ್ನಬಾರದು. ಅಂದಿನಿಂದ ಬೇಯದ ಅನ್ನ, ಸೀದ ಹುಗ್ಗಿ, ಹಳಸಲು ಒಂದೇ ತಾಸು ಬಾಕಿ ಇದ್ದ ಸಾರು ಎಲ್ಲವನ್ನೂ ಅವರು ಉಂಡರು, ತಾಟು ತೊಳೆದು ಕುಡಿದರು, "ಛಲೋ ಆಗ್ಯಾದ" ಎಂದು ಎದ್ದರು. ಬಸ್‌ಸ್ಟ್ಯಾಂಡಿನ ಚಹಾಕ್ಕೂ ಅದೇ ಮಾತು.

ಸಾರಿಕಾಗೆ ಇದು ಗೊತ್ತಿಲ್ಲವೆಂದಲ್ಲ. ಆದರೂ ಆಕೆಗೆ ಬೇರೆ ಗತಿ ಇರಲಿಲ್ಲ. ಉಮರ್ಗಾದ ಹೆದ್ದಾರಿ ಬದಿಗೆ ಆಕೆಯ ಗಂಡ ಓಂಪ್ರಕಾಶನ ಚಹಾದಂಗಡಿ. ಹೈದರಾಬಾದ ಕಡೆಯ ಬಸ್ಸುಗಳು ನಿಂತಾಗ ನಾಲ್ಕು ಜನ ಇಳಿದು ಕಾಫಿ ಕೇಳುತ್ತಿದ್ದರು. ಓಂಪ್ರಕಾಶ ಪುಡಿಯ ಪಾಕೀಟು ಹರಿದು ಬಿಸಿ ಹಾಲಿಗೆ ಸುರಿಯುತ್ತಿದ್ದ, ಅವರು ಮುಖ ಕಿವುಚುತ್ತಿದ್ದರು. ಆ ಮುಖಗಳನ್ನು ನೋಡಿ ನೋಡಿ ಸಾರಿಕಾ ಹಟ ತೊಟ್ಟಳು. ಮೊಬೈಲಿನಲ್ಲಿ ನೋಡಿ ಕಲಿತಳು, ಚಿಕ್ಕಮಗಳೂರಿನ ಕಡೆಯಿಂದ ಹಸಿ ಬೀಜ ತರಿಸಿದಳು: ಅರೇಬಿಕಾದ ಒಂದು ಚೀಲ, ರೊಬಸ್ಟಾದ ಒಂದು ಸಣ್ಣ ಚೀಲ. ಬಸವ ಜಯಂತಿಯ ದಿನ ಅಂಗಡಿಯಲ್ಲಿ ಬೇರೆಯೇ ಕಾಫಿ ಕಟ್ಟೆ ಶುರು ಮಾಡಬೇಕು. ಅದಕ್ಕೂ ಮೊದಲು ಬೀಜವನ್ನು ಎಷ್ಟು ಹುರಿಯಬೇಕೆಂದು ಗೊತ್ತಾಗಬೇಕು. ಓಂಪ್ರಕಾಶನ ನಾಲಿಗೆ ತಂಬಾಕಿಗೆ ಬಲಿಯಾಗಿತ್ತು. ಅತ್ತೆ ಅನುಸೂಯಾಬಾಯಿ ಚಹಾ ಬಿಟ್ಟು ಬೇರೇನನ್ನೂ ಮುಟ್ಟುವವಳಲ್ಲ. ಉಳಿದದ್ದು ನಾಲ್ಕು ತಾಲೂಕು ಉಂಡ ನಾಲಿಗೆ ಒಂದೇ.

"ಮಾವಾರ, ಮೂರೂ ಒಂದೇ ಬೀಜ," ಎಂದು ಆಕೆ ಬಿಡಿಸಿ ಹೇಳಿದಳು. "ಹುರಿಯಾಗ ಮೊದಲ ಸಲ ಚಟ್ ಚಟ್ ಅಂತದ. ಆವಾಗೇ ಇಳಿಸಿದರ ಹುಳಿ ಉಳೀತದ, ಬೀಜದ ಸ್ವಂತ ಪರಿಮಳನೂ ಉಳೀತದ. ಇನ್ನೊಂದೀಟು ಬಿಟ್ಟರ ಹುಳಿ ಇಳದು ಸಿಹಿ ಬರ್ತದ. ಎರಡನೇ ಸಲ ಚಟಚಟ ಅಂದ ಮ್ಯಾಲೂ ಬಿಟ್ಟರ ಎಣ್ಣಿ ಬಿಟ್ಟು ಕರ್ರಗಾಗ್ತದ, ಕಹಿ ಆಗ್ತದ. ಆವಾಗ ಯಾವ ತೋಟದ ಬೀಜ ಅಂಬೋದು ಗುರುತೇ ಸಿಗಂಗಿಲ್ಲ."

"ಬೆಂಕಿ ಒಂದೇ, ಬೀಜ ಒಂದೇ. ಚವ ಮೂರು ಹೆಂಗ ಆಗ್ತಾವ?"

"ಸೀತನಿ ತಿಂತೀರಲ್ರೀ. ಹಸಿ ಜ್ವಾಳದ ತೆನಿ ಕೆಂಡದಾಗ ಈಟು ಇಟ್ಟರ ಒಂದು ಚವ, ಮರತು ಬಿಟ್ಟರ ಇನ್ನೊಂದು. ಹಂಗೇ."

ಅಯ್ಯನವರಿಗೆ ಸೀತನಿ ತಿಳಿಯಿತು, ಕಾಫಿ ತಿಳಿಯಲಿಲ್ಲ. ಹುಳಿಯೂ ಚವ, ಕಹಿಯೂ ಚವ, ಎಲ್ಲವೂ ರುಚಿಯೇ ಅಂದಮೇಲೆ ಕೆಟ್ಟದ್ದು ಎಂಬುದು ಯಾವುದು? ಕೆಟ್ಟದ್ದೇ ಇಲ್ಲದಿದ್ದರೆ ಈ ಹುಡುಗಿ ಇಷ್ಟು ಕಷ್ಟಪಟ್ಟು ಹುಡುಕುತ್ತಿರುವುದು ಏನನ್ನು? ತಲೆ ಕೆರೆದುಕೊಂಡು ಮತ್ತೆ ಅದೇ ಅಂದರು, "ಮೂರೂ ಛಲೋ ಅವ ನಮ್ಮವ್ವಾ."

ಸಾರಿಕಾ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಬಾಯಿ ಹೇಳದ್ದನ್ನು ಕೈ ಹೇಳಿದೆ ಎಂದು ಆಕೆಗೆ ಅನ್ನಿಸಿತ್ತು. ಮೂರನೆಯ ಬಟ್ಟಲನ್ನು ಮಾವ ಎರಡು ಸಲ ತೊಳೆದು ಕುಡಿದಿದ್ದರು. ರುಚಿ ಹತ್ತದಿದ್ದರೆ ಯಾರಾದರೂ ಎರಡನೇ ಸಲ ತೊಳೆದಾರೇ? ಆಕೆಯ ತವರಿನವರು ಲೋಹಾರಾದಲ್ಲಿ ಕಾಳಾ ಮಸಾಲೆಗೆ ಹೆಸರಾದವರು. ಕೊಬ್ಬರಿ, ಧನಿಯಾಗಳನ್ನು ಕರ್ರಗಾಗುವ ತನಕ ಹುರಿದರೇ ಮಸಾಲೆ ಎಂಬುದು ಆಕೆ ತೊಟ್ಟಿಲಲ್ಲೇ ಕಲಿತ ಪಾಠ. ಮಾವನ ಬಟ್ಟಲೂ ತವರಿನ ಪಾಠವೂ ಒಂದೇ ಮಾತು ಹೇಳಿದ ಮೇಲೆ ಅನುಮಾನ ಎಲ್ಲಿಯದು? ಅರೇಬಿಕಾದ ಅರ್ಧ ಚೀಲವನ್ನು ದೊಡ್ಡ ಕಬ್ಬಿಣದ ಬಾಣಲೆಯಲ್ಲಿ, ಎಣ್ಣೆ ಬಿಟ್ಟು ಮಿರಮಿರ ಮಿಂಚುವ ತನಕ ಹುರಿದಳು. ಓಣಿಯ ತುಂಬ ಹೊಗೆ. ಯಾರ ಮನೆಯ ಜೋಳದ ಕಣಕಿ ಬಣವೆಗೆ ಬೆಂಕಿ ಬಿತ್ತೋ ಎಂದು ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು.

ಎರಡು ದಿನ ಬಿಟ್ಟು ಆ ಪುಡಿಯ ಕಾಫಿಯನ್ನು ಅಂಗಡಿಯಲ್ಲಿ ಕೊಟ್ಟು ನೋಡಿದರು. ಅಯ್ಯನವರೂ ಹೋಗಿ ಬೆಂಚಿನ ಮೇಲೆ ಕೂತಿದ್ದರು. ಬಸ್ಸು ನಿಂತಿತು, ಜನ ಇಳಿದರು, ಕಾಫಿ ತೆಗೆದುಕೊಂಡರು. ಒಂದು ಗುಟುಕು, ಎರಡು ಗುಟುಕು. ಆಮೇಲೆ ಒಬ್ಬೊಬ್ಬರೇ ಕಾಗದದ ಲೋಟಗಳನ್ನು ಹಾಗೇ ಡಬ್ಬಿಗೆ ಒಗೆದು ಬಸ್ಸು ಹತ್ತಿದರು. ಬಸ್ಸು ಹೋದ ಮೇಲೆ ಅಯ್ಯನವರು ಎದ್ದು ಡಬ್ಬಿಯಲ್ಲಿ ಇಣುಕಿದರು. ಕಪ್ಪು ಕಾಫಿ, ಹಾಲಿನ ಕಾಫಿ ಎಲ್ಲ ಅರ್ಧರ್ಧ ಉಳಿದು ಒಂದರ ಮೇಲೊಂದು ಚೆಲ್ಲಿದ್ದವು. ಇಷ್ಟೊಂದು ಜನ ಬಾಯಿ ಬಿಡದೆ ಹೆಸರಿಟ್ಟದ್ದನ್ನು ಅವರು ಜೀವಮಾನದಲ್ಲಿ ನೋಡಿರಲಿಲ್ಲ.

ಓಂಪ್ರಕಾಶ ಖಾರವಾಗಿಯೇ ಅಂದ, "ಉಳಿದ ಅರ್ಧ ಚೀಲನೂ ಹಿಂಗೇ ಸುಡತೀದಿ ಅಂದರ ಕಾಫಿ ಬಂದ್. ಜಯಂತಿಗಿ ಚಹಾನೇ ಇಡ್ತೀನಿ."

ಸಾರಿಕಾ ಮಾವನ ಕಡೆ ತಿರುಗಿದಳು. "ನೀವು ಆ ಬಟ್ಟಲ ಎರಡು ಸಲ ತೊಳದು ಕುಡದ್ರಲ್ರೀ ಮಾವಾರ. ಅದಕ್ಕೇ ಅದು ಮನಸಿಗಿ ಬಂದಾದ ಅಂತ ತಿಳದೆ."

"ತಳದಾಗ ಪುಡಿ ಅಂಟಿ ಕುಂತಿತ್ತವ್ವಾ. ಒಮ್ಮಿಗಿ ಬಿಡಲಿಲ್ಲ."

ಆಕೆಯ ಕಣ್ಣು ತುಂಬಿದವು. ಅಯ್ಯನವರು ನೆಲ ನೋಡಿದರು. ತಾವು ಸುಳ್ಳು ಹೇಳಿರಲಿಲ್ಲ, ಯಾರ ಮನಸ್ಸನ್ನೂ ನೋಯಿಸಿರಲಿಲ್ಲ, ತಂದೆಯ ಮಾತು ಮೀರಿರಲಿಲ್ಲ. ಹಾಗಿದ್ದರೆ ಈ ಹುಡುಗಿಯ ಅರ್ಧ ಚೀಲ ಹಾಳಾದದ್ದು ಯಾರಿಂದ? ಎಷ್ಟು ಯೋಚಿಸಿದರೂ ಲೆಕ್ಕ ತಮ್ಮ ಬಾಗಿಲಿಗೇ ಬಂದು ನಿಲ್ಲುತ್ತಿತ್ತು.

ಮರುದಿನ ಉದಗೀರದಲ್ಲಿ ತೊಟ್ಟಿಲ ಕಾರ್ಯ. ಪೂಜೆ ಮುಗಿದು ಊಟಕ್ಕೆ ಕೂತರು. ಮನೆಯೊಡತಿ ರಂಭಾಬಾಯಿ ಬದನೆಕಾಯಿ ಎಣಗಾಯಿ ಬಡಿಸಿ ಹೋದಳು. ಅಯ್ಯನವರು ರೂಢಿಯಂತೆ, "ಛಲೋ ಆಗ್ಯಾದ," ಎಂದರು. ರಂಭಾಬಾಯಿ ನಕ್ಕು ಕೈ ಮುಗಿದಳು. ಆದರೆ ಒಳಗೆ ಹೋದವಳು ತನ್ನ ತಂಗಿಗೆ ಹೇಳಿದ್ದು ಗೋಡೆ ದಾಟಿ ಕೇಳಿಸಿತು: "ನೀ ಬಾಯಾಗ ಹಾಕ್ಕೊಂಡು ಖರೇ ಹೇಳು. ಅಯ್ಯನೋರದು ಬಿಡು, ಅವರು ಮಣ್ಣು ಬಡಿಸಿದರೂ ಛಲೋ ಆಗ್ಯಾದ ಅಂತಾರ."

ತಾವು ಇಷ್ಟು ವರ್ಷ ಆಶೀರ್ವಾದದ ಹಾಗೆ ಹಂಚಿಕೊಂಡು ಬಂದ ಮಾತನ್ನು ಜನ ಕಿವಿಯಿಂದಾಚೆ ದೂಡುತ್ತಿದ್ದರೇ? ಎಣಗಾಯಿ ನಿಜಕ್ಕೂ ಚೆನ್ನಾಗಿತ್ತು. ಅದನ್ನು ಹೇಳಲು ಈಗ ಅವರ ಬಳಿ ಬೇರೆ ಮಾತೇ ಉಳಿದಿರಲಿಲ್ಲ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರಂತೆ ಉಗುಳಲಾರದೆ ನುಂಗಲಾರದೆ ಕೂತರು.

ಮನೆಗೆ ಬಂದವರೇ ಹೆಂಡತಿಯನ್ನು ಕೇಳಿದರು, "ಅನುಸೂಯಾ, ಪ್ರಸಾದಕ್ಕ ಹೆಸರಿಟ್ಟರ ಪಾಪ ಹೌದಲ್ಲೋ?"

ಅನುಸೂಯಾಬಾಯಿ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ. "ಪಾಪ ಪುಣ್ಯ ನಿಮಗ ಗೊತ್ತು. ನನಗ ಇಷ್ಟೇ ಗೊತ್ತದ. ಕಾಳಿನಾಗ ಕಲ್ಲು ಆರಸಲಿಕ್ಕೆ ಕುಂತಾಕಿ ಎಲ್ಲಾ ಕಾಳೇ ಅಂದರ, ಹಲ್ಲು ಯಾರದು ಮುರೀತದ? ನನ್ನದಲ್ಲ, ಉಣ್ಣವರದು."

ಅಯ್ಯನವರು ಅಡುಗೆಮನೆಯ ಬಾಗಿಲಿಗೆ ಹೋಗಿ, "ಸಾರಿಕಾ, ಮತ್ತ ಮಾಡು," ಎಂದರು. "ಎಲ್ಲಾ ಬ್ಯಾರೆ ಬ್ಯಾರೆ ಮಾಡು. ಈ ಸಲ ಹಾಲು ಹಾಕೂದೂ ಇರಲಿ. ಬಸ್ಸಿನ ಮಂದಿ ಹಾಲು ಹಾಕ್ಕೊಂಡೇ ಕುಡೀತಾರಲ್ಲ."

ಸಾರಿಕಾ ಬಟ್ಟಲು ಇಟ್ಟಳು. ಅಯ್ಯನವರು ಮೊದಲು ಕರ್ರಗಿನದನ್ನೇ ಎತ್ತಿಕೊಂಡರು. ಕುಡಿದರು. ಬಾಯಿ ತೆರೆದರು, ಮುಚ್ಚಿದರು. ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮೇಲೆ ಕೈ ಇಟ್ಟರು, ಮತ್ತೆ ತೆರೆದರು. "ಇದು... ಇದು ಸೀದದ," ಎಂದರು. ಅಂದ ಕೂಡಲೇ ಗಾಬರಿಯಿಂದ ಸೊಸೆಯ ಮುಖ ನೋಡಿದರು.

ಸಾರಿಕಾಗೆ ನೋವಾಗಲಿಲ್ಲ. ಮಳೆಗೆ ಕಾದವಳು ಮೊದಲ ಹನಿ ಕಂಡ ಹಾಗೆ ಮುಂದೆ ಬಾಗಿದಳು. "ಮತ್ತ? ಇನ್ನಾ ಹೇಳ್ರಿ!"

"ಬೂದಿ ನಾತ ಬರ್ತದ. ಇದರಾಗ ಬೀಜ ಇಲ್ಲೇ ಇಲ್ಲ, ಬರೇ ಬೆಂಕಿ ಅದ." ಒಡ್ಡು ಒಡೆದ ಮೇಲೆ ನೀರು ನಿಲ್ಲುತ್ತದೆಯೇ? ಹುಳಿಯದನ್ನು ಕುಡಿದು, "ಬರೇ ನೀರಿನಾಗ ಪರಿಮಳ ಛಲೋ ಅದ, ಹಾಲು ಬಿದ್ದರ ಸತ್ತು ಹೋಗ್ತದ," ಎಂದರು. ನಡುವಿನದನ್ನು ಕುಡಿದು ಕಣ್ಣು ಮುಚ್ಚಿದರು. "ಇದು ಬರೋಬರ್. ಆದರ ಹಾಲು ಹಾಕಿದ ಮ್ಯಾಲ ಸೊಂಟ ಇಲ್ಲ ಇದಕ್ಕ, ಬಾಗತದ." ಆಮೇಲೆ ರೊಬಸ್ಟಾ ಬಟ್ಟಲು. "ಅಬ್ಬಾ, ಭಾರಿ ಒರಟ! ಇದನ್ನ ಒಬ್ಬನ್ನೇ ಮನಿಯಾಗ ಬಿಟಗೋಬಾರದು. ನಡುವಿನದಕ್ಕ ಇದರದು ಒಂದು ಹಿಡಿ ಕೂಡಸು ನೋಡೋಣು."

ಕೂಡಿಸಿದಳು. ಅಯ್ಯನವರು ಕುಡಿದರು. ಹಾಲಿನಡಿಯಿಂದ ಶೇಂಗಾದ ವಾಸನೆ ಎದ್ದು ಬಂತು, ಕಹಿ ಬಂದು ಹೋಯಿತು, ಬೆಲ್ಲ ಉಳಿಯಿತು.

"ಇದು ಛಲೋ ಅದ," ಎಂದರು.

ಸಾರಿಕಾ ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. ಆಮೇಲೆ ನಂಬಿದಳು. ಉಳಿದ ಬೀಜ ತರಲು ಎದ್ದು ಓಡಿದಳು.

ಆ ಸಂಜೆ ಅಯ್ಯನವರು ಲಿಂಗಪೂಜೆ ಮುಗಿಸಿ ಊಟಕ್ಕೆ ಕೂತರು. ಅನುಸೂಯಾಬಾಯಿ ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಬಡಿಸಿ ದಿನದಂತೆ ಒಲೆಯ ಕಡೆ ತಿರುಗಲಿಲ್ಲ. ಸೌಟು ಹಿಡಿದುಕೊಂಡು ಅಲ್ಲೇ ನಿಂತಳು. ಅಯ್ಯನವರು ತುತ್ತು ಬಾಯಿಗಿಟ್ಟರು. ಕಣ್ಣಲ್ಲಿ ನೀರು ಬರುವಷ್ಟು ಉಪ್ಪು. ಒಂದು ಬಟ್ಟಲು ಕಾಫಿಗೆ ಹೆಸರಿಡುವುದು ಬೇರೆ, ಲಗ್ನವಾದಾಗಿನಿಂದ ಉಣ್ಣಿಸಿದ ಕೈಗೆ ಹೆಸರಿಡುವುದು ಬೇರೆ. ಅವರಿಗೆ ಮತ್ತೆ ಎಲ್ಲ ಗೋಜಲಾಯಿತು.

"ಉಪ್ಪು ಹೆಚ್ಚಾಗ್ಯಾದ," ಎಂದರು ಕೊನೆಗೆ, ಮೆಲ್ಲಗೆ.

"ಗೊತ್ತದ. ಬೇಕಂತನೇ ಹಾಕೀನಿ."

ಅಯ್ಯನವರು ತಲೆ ಎತ್ತಿ ಹೆಂಡತಿಯ ಮುಖ ನೋಡಿದರು.

"ಲಗ್ನಾದ ವರ್ಷನೂ ಒಮ್ಮಿ ಹಿಂಗೇ ಹಾಕಿದ್ದೆ," ಎಂದಳು ಅನುಸೂಯಾಬಾಯಿ. "ದಿನಾ ಛಲೋ ಆಗ್ಯಾದ ಅಂತಿದ್ರಿ. ಖರೇ ಅಂತಾರೋ ಸುಳ್ಳೇ ಅಂತಾರೋ ನೋಡಬೇಕಂತ ಮುಷ್ಟಿ ಉಪ್ಪು ಹಾಕಿದೆ. ಅಷ್ಟೂ ಉಂಡ್ರಿ. ತಾಟು ತೊಳದು ಕುಡದ್ರಿ. ಛಲೋ ಆಗ್ಯಾದ ಅಂದ್ರಿ. ಅವತ್ತಿನಿಂದ ನಾ ಕೇಳೂದೇ ಬಿಟ್ಟೆ."

ಆಕೆ ಕೇಳುವುದನ್ನು ಬಿಟ್ಟದ್ದು ಅಯ್ಯನವರಿಗೆ ನೆನಪಿತ್ತು. ತನ್ನ ಕೈರುಚಿ ಹೇಗಿದೆಯೆಂದು ಆಕೆಗೆ ಗೊತ್ತೇ ಇದೆ, ಅದಕ್ಕೇ ಕೇಳುವುದಿಲ್ಲ ಎಂದು ಇಷ್ಟು ವರ್ಷ ತಿಳಿದಿದ್ದರು.

"ಈಗ ಕೇಳು," ಎಂದರು. "ಖರೇ ಹೇಳ್ತೀನಿ."

ಅನುಸೂಯಾಬಾಯಿ ಸೌಟು ಕೆಳಗಿಟ್ಟು ಎದುರಿಗೆ ಕೂತಳು. "ಹೋಳಿಗಿ?"

"ಹೂರಣ ಛಲೋ. ಕಣಕ ದಪ್ಪ ಆಗ್ತದ."

"ಝುಣಕಾ?"

"ನಮ್ಮವ್ವನ ಕೈಯಾಂದು ಇನ್ನಾ ಛಲೋ ಇತ್ತು."

ಆಕೆ ತುಟಿ ಬಿಗಿ ಹಿಡಿದು ತಲೆದೂಗಿದಳು. ಸ್ವಲ್ಪ ತಡೆದು ಕೇಳಿದಳು, "ಪುಂಡಿಪಲ್ಲೆ? ಇವತ್ತಿಂದಲ್ಲ, ದಿನದ್ದು?"

"ನಾಲ್ಕು ತಾಲೂಕು ಉಂಡೀನಿ ಅನುಸೂಯಾ. ನೀ ಮಾಡೂ ಪುಂಡಿಪಲ್ಲೆ ಎಲ್ಲೂ ಸಿಕ್ಕಿಲ್ಲ. ಊರಿಗಿ ಹೋದಲ್ಲೆಲ್ಲಾ ಅದನ್ನೇ ನೆನಸತೀನಿ."

ಅನುಸೂಯಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅಯ್ಯನವರಿಗೆ ತಿಳಿಯಲಿಲ್ಲ. "ಇನ್ನೊಮ್ಮಿ ಅನ್ರಿ," ಎಂದಳು.

ಅವರು ಇನ್ನೊಮ್ಮೆ ಅಂದರು. ಆಮೇಲೆ ತಾಟಿನಲ್ಲಿದ್ದ ಉಪ್ಪುಪಲ್ಲೆಯನ್ನು ಕೊನೆಯ ಎಲೆಯ ತನಕ ಉಂಡು, ತಾಟು ತೊಳೆಯಲು ನೀರು ಕೇಳಿದರು.