ಈರುಳ್ಳಿ ಸಿಪ್ಪೆಯ ಕೆಂಪು

ಮೊಸರಿನ ಮೇಲಿನ ಕೆನೆ ಅರ್ಪಿತಳದು. ಆ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ತಮ್ಮ ಕಿಶನ್ ಹುಟ್ಟಿದ ಮೇಲೆ ಅಪ್ಪ ಅಮ್ಮ ಇವಳನ್ನು ಪಾಲಹಳ್ಳಿಯ ಅಜ್ಜಿ ದೊಡ್ಡತಾಯಮ್ಮನ ಮಡಿಲಿಗೆ ಹಾಕಿ ಶೀಳನೆರೆಗೆ ಹೋಗಿದ್ದರು. ಶೀಳನೆರೆಯಲ್ಲಿ ಏನೇನಿತ್ತೋ ಅದೆಲ್ಲ ಕಿಶನ್‌ಗೆ, ಅಜ್ಜಿ ಮಾತ್ರ ತನಗೆ. ಪಾಂಡವಪುರದಲ್ಲಿ ಡಿಗ್ರಿ ಮುಗಿಸಿ ಬಂದ ಮೇಲೂ ಅರ್ಪಿತಳ ಮನಸ್ಸಿನೊಳಗಿನ ಪಾಲುಪಟ್ಟಿ ಹಾಗೇ ಉಳಿದಿತ್ತು.

ಅಂಥ ಕೆನೆಯನ್ನು ಅಜ್ಜಿ ಆ ದಿನ ಬೆರಳಲ್ಲಿ ಬಳಿದು, ಪ್ಯಾರಿಸ್ಸಿನಿಂದ ಬಂದವಳ ಬಟ್ಟಲಿಗೆ ಹಾಕಿಬಿಟ್ಟಳು.

"ತಿನ್ನು ಮಗ. ಕಡ್ಡಿ ಆಗೋಗಿದ್ದೀಯಲ್ಲ."

ಮಗ! ಆ ಕರೆಯೂ ತನ್ನದೇ.

ಬಂದವಳ ಹೆಸರು ಐರೀನ್. ಗಂಜಾಂನ ಲಾಡ್ಜಿನಲ್ಲಿ ಇಳಿದುಕೊಂಡು, ಆಟೋದಲ್ಲಿ ಬಂದು ಹಾಲಿನ ಡೈರಿ ಮುಂದೆ ನಿಂತು, ಹಿಂದೆ ಈ ಊರಲ್ಲಿದ್ದ ರಷ್ಯಾದ ಹೆಂಗಸೊಬ್ಬಳನ್ನು ಕಂಡವರು ಯಾರಾದರೂ ಇದ್ದಾರಾ ಎಂದು ವಿಚಾರಿಸಿದ್ದಳು. ಡೈರಿಯವರು ಸೀದಾ ದೊಡ್ಡತಾಯಮ್ಮನ ಜಗಲಿ ತೋರಿಸಿದ್ದರು. ಅಜ್ಜಿಗೆ ಇಂಗ್ಲಿಷ್ ಬಾರದು, ಬಂದವಳಿಗೆ ಕನ್ನಡ ಬಾರದು. ಇಬ್ಬರ ನಡುವೆ ಕೂತು ಮಾತು ದಾಟಿಸುವ ಕೆಲಸ ಅರ್ಪಿತಳ ಪಾಲಿಗೆ ಬಂತು.

ದಾಟಿಸುತ್ತಲೇ ಅವಳಿಗೆ ತನ್ನ ಅಜ್ಜಿಯ ಬಾಲ್ಯ ಮೊದಲ ಸಲ ತಿಳಿಯಿತು. ರಷ್ಯಾದಲ್ಲಿ ಅರಸೊತ್ತಿಗೆ ಉರುಳಿದಾಗ, ಅರಸನ ಸೈನ್ಯದಲ್ಲಿದ್ದ ಗಂಡನನ್ನು ಕಳೆದುಕೊಂಡು, ಹಸುಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ದಾಟಿ ಬಂದವಳೊಬ್ಬಳು. ಕನ್ನಂಬಾಡಿ ಕಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ ಕೂಲಿಯವರ ಗಾಯ ತೊಳೆಯುತ್ತ ಇಲ್ಲೇ ನಿಂತಳು. ಊರಿಗೆಲ್ಲ ಅವಳು ದೊರೆಸಾನಿ. ಮಗ ದೊಡ್ಡವನಾದ ಮೇಲೆ ಫ್ರಾನ್ಸಿನಲ್ಲಿದ್ದ ಬಂಧು ಬಂದು ಅವನನ್ನು ಕರೆದೊಯ್ದ. ಹಿಂದೆಯೇ ಅವಳೂ ಹೊರಡುವುದಿತ್ತು. ಆದರೆ ಪಾಸ್‌ಪೋರ್ಟಿನಲ್ಲಿ ಯಾವ ದೇಶದವಳೆಂದು ಬರೆಸುವುದು? ಅವಳು ಹುಟ್ಟಿದ ದೇಶ ಆ ಹೆಸರಿನಲ್ಲಿ ಉಳಿದೇ ಇರಲಿಲ್ಲ. ಅದೊಂದು ಇತ್ಯರ್ಥವಾಗುವಷ್ಟರಲ್ಲಿ ಯುದ್ಧ ಬಂತು. ಬ್ರಿಟಿಷರು ಹೋದ ವರ್ಷ ದೊರೆಸಾನಿಯೂ ತೀರಿಹೋದಳು. ಅವಳ ಮಗನೇ ಐರೀನಳ ಮುತ್ತಾತ. ಮುದುಕನಾಗಿ ಮಾತು ಮರೆತ ಮೇಲೂ ಅವನ ಬಾಯಲ್ಲಿ 'ಪಾಲಹಳ್ಳಿ' ಒಂದು ಉಳಿದಿತ್ತಂತೆ.

"ಇದ್ನೆಲ್ಲ ನಂಗ್ಯಾಕೆ ಯೋಳ್ನಿಲ್ಲ ಅಜ್ಜಿ?"

"ನೀ ಯಾವತ್ ಕೇಳ್ದೆ? ಅವ್ಳು ಸಮುದ್ರ ದಾಟ್ಕಂಡ್ ಬಂದವ್ಳೆ ಕೇಳಕ್ಕೆ."

ಐರೀನ್ ಮುಂದಕ್ಕೆ ಬಾಗಿ ಕೇಳಿದಳು: ಅವಳನ್ನು ಎಲ್ಲಿ ಮಣ್ಣು ಮಾಡಿದರು, ಅಜ್ಜಿಗೆ ಗೊತ್ತೇ? ಅದೊಂದನ್ನು ನೋಡಲೆಂದೇ ತಾನು ಬಂದದ್ದು.

"ಗೊತ್ತಿಲ್ದೆ ಏನು? ನಮ್ ಗದ್ದೆ ಬದಿನಾಗೆ, ಆ ಹೊಂಗೆ ಮರದ ಬುಡದಲ್ಲವ್ಳೆ. ಭಾನ್ವಾರ ಬರಾಕೇಳು, ಕರ್ಕೊಂಡೋಯ್ತೀನಿ."

ಅರ್ಪಿತ ಅದನ್ನು ದಾಟಿಸಲಿಲ್ಲ.

ಹೊಂಗೆ ಮರದ ಬುಡದ ಮಣ್ಣುಗುಡ್ಡೆ! ಯುಗಾದಿ ಕಳೆದು, ಹುಣ್ಣಿಮೆಯೂ ಕಳೆದು ಬರುವ ಭಾನುವಾರ ಅಜ್ಜಿ ಈರುಳ್ಳಿ ಸಿಪ್ಪೆ ಹಾಕಿ ಮೊಟ್ಟೆ ಬೇಯಿಸುತ್ತಿದ್ದಳು. ಇಟ್ಟಿಗೆ ಬಣ್ಣಕ್ಕೆ ತಿರುಗಿದ ಮೂರು ಮೊಟ್ಟೆ. ಒಂದು ಗುಡ್ಡೆಗೆ, ಒಂದು ಅಜ್ಜಿಗೆ, ಒಂದು ಅರ್ಪಿತಳಿಗೆ. ಅಲ್ಲಿ ಕೂತು ಇಬ್ಬರೂ ಮೊಟ್ಟೆಗೆ ಮೊಟ್ಟೆ ಕುಟ್ಟಬೇಕು. ಕುಟ್ಟುವಾಗ ಅಜ್ಜಿ "ವಾಯಿಸ್ತಿನು" ಎನ್ನುವಳು, ಅರ್ಪಿತಳೂ "ವಾಯಿಸ್ತಿನು" ಎನ್ನುವಳು. ಗುಡ್ಡೆ ಹಿರೀಕರದು, ಮಾತು ಆಟದ್ದು ಎಂದೇ ಅವಳು ತಿಳಿದದ್ದು. ಊರಲ್ಲಿ ಇನ್ನಾರೂ ಮಾಡದ ಈ ಹಬ್ಬ ಕಿಶನ್‌ಗೂ ಗೊತ್ತಿರಲಿಲ್ಲ. ಅದೊಂದು ಪೂರ್ತಿ ತಮ್ಮಿಬ್ಬರದೇ ಆಗಿತ್ತು.

"ಅಜ್ಜಿಗೆ ಜ್ಞಾಪಕವಿಲ್ಲವಂತೆ," ಎಂದಳು ಅರ್ಪಿತ, ಇಂಗ್ಲಿಷಿನಲ್ಲಿ.

ಐರೀನಳ ಕಣ್ಣು ತುಂಬಿತು. ಪರವಾಗಿಲ್ಲ ಎಂದಳು. ಭಾನುವಾರ ಮಧ್ಯಾಹ್ನದ ರೈಲಿಗೆ ಹೊರಡುತ್ತೇನೆ ಎಂದಳು. ಅಜ್ಜಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅಜ್ಜಿ ಒಮ್ಮೆ ಅವಳ ಮುಖ, ಒಮ್ಮೆ ಮೊಮ್ಮಗಳ ಮುಖ ನೋಡಿದಳು.

ಭಾನುವಾರ ಅಡುಗೆಮನೆಯಿಂದ ಈರುಳ್ಳಿ ಸಿಪ್ಪೆಯ ವಾಸನೆ ಬಂತು. ಅರ್ಪಿತ ಹೋಗಿ ನೋಡಿದರೆ ಪಾತ್ರೆಯಲ್ಲಿ ನಾಲ್ಕು ಮೊಟ್ಟೆಗಳಿದ್ದವು.

"ಎಲ್ಲವ್ವಾ ಅವ್ಳು? ಬಿಸ್ಲು ಏರ್ತಾ ಅದೆ."

"ಬರಲ್ಲ ಕಣಜ್ಜಿ. ರೈಲಿಗೆ ಓಯ್ತಾವ್ಳೆ."

ಅಜ್ಜಿ ಸೌಟಿನಿಂದ ಮೊಟ್ಟೆಯೊಂದನ್ನು ಹೊರಳಿಸಿದಳು. "ನಂಗೆ ಇಂಗ್ಲೀಸು ಬರಾಕಿಲ್ಲ, ಮೊಕ ಓದಕ್ಕೆ ಬತ್ತದೆ. ನಾನು ಇಲ್ಲೇ ಅವ್ಳೆ ಅಂದೆ, ಆ ಮಗ ಅತ್ತುಬುಡ್ತು. ಸಿಕ್ದಾಗ ಅಳೋ ಅಳು ಬ್ಯಾರೆ, ಸಿಗ್ದಿದ್ದಾಗ ಅಳೋ ಅಳು ಬ್ಯಾರೆ. ಏನ್ ಯೋಳ್ದೆ ನೀನು?"

ಅರ್ಪಿತ ಬಾಗಿಲ ಚೌಕಟ್ಟು ಕೆರೆಯುತ್ತ ನಿಂತಳು. ಆಮೇಲೆ ಒಂದೇ ಉಸಿರಿಗೆ ಅಂದಳು. "ಕೆನೆ ಅವ್ಳಿಗೆ, ಮಗ ಅನ್ನೋದು ಅವ್ಳಿಗೆ, ಈಗ ಮೊಟ್ಟೆನೂ ಅವ್ಳಿಗೆ. ನಂಗೇನೈತೆ ಇಲ್ಲಿ?"

ಅಜ್ಜಿ ನಗಲಿಲ್ಲ. "ಲೇ, ಸಾಯೋವಾಗ ದೊರೆಸಾನಿ ನನ್ ಕೈ ಹಿಡ್ಕಂಡು ಕೇಳ್ತು. ನಮ್ಮೋರು ಯಾರಾರ ಬರೋಗಂಟ ಇದ್ನ ನಡೆಸ್ಕಂಡೋಗು ಅಂತ. ನಾನಾಗ ಲಂಗದ ಹುಡ್ಗಿ. ಹೂಂ ಅಂದ್ಬುಟ್ಟೆ. ಬರಲೇ ಇಲ್ಲ ಯಾರೂವೆ. ನಾನು ಸತ್ರೆ ನಡೆಸೋರು ಯಾರು ಅಂತ, ಅದ್ಕೇ ಕಣೆ ನಿನ್ನ ಕರ್ಕಂಡೋಗ್ತಿದ್ದುದ್ದು. ಕಿಶನ್ನ ಕರ್ಕಂಡೋದ್ನಾ? ನಿಮ್ಮಪ್ಪನ್ನ ಕರ್ಕಂಡೋದ್ನಾ?"

ಅರ್ಪಿತ ಸ್ಕೂಟಿಯ ಕೀಲಿ ತೆಗೆದುಕೊಂಡಳು.

ಗಂಜಾಂನಲ್ಲಿ ಐರೀನ್ ಬ್ಯಾಗು ಹಿಡಿದು ಲಾಡ್ಜಿನ ಮೆಟ್ಟಿಲ ಮೇಲೆ ಆಟೋಗೆ ಕಾಯುತ್ತಿದ್ದಳು. "ನಾನು ತಪ್ಪು ಹೇಳಿದೆ" ಎನ್ನಲು ಅರ್ಪಿತಳ ಬಾಯಿ ಏಳಲಿಲ್ಲ. "ಅಜ್ಜಿಗೆ ಜ್ಞಾಪಕ ಬಂತು, ಹತ್ತು," ಎಂದಳು. ದಾರಿಯುದ್ದಕ್ಕೂ ಐರೀನಳ ಕೈಗಳು ಅವಳ ಭುಜ ಬಿಗಿಯಾಗಿ ಹಿಡಿದಿದ್ದವು. ಅರ್ಪಿತಳಿಗೆ ಅದೂ ಹಿಡಿಸಲಿಲ್ಲ.

ನಾಲೆ ಏರಿಯ ಪಕ್ಕ, ಹೊಂಗೆಯ ನೆರಳಲ್ಲಿ ಅಜ್ಜಿ ಆಗಲೇ ಕೂತಿದ್ದಳು. ಗುಡ್ಡೆಯ ಮೇಲೆ ಕೆಂಪು ಮೊಟ್ಟೆ. ಅದು ಕಣ್ಣಿಗೆ ಬಿದ್ದದ್ದೇ ಐರೀನ್ ಕಬ್ಬಿನ ಸಾಲಿನ ನಡುವೆ ನಿಂತುಬಿಟ್ಟಳು. ಯಾರೂ ಏನೂ ದಾಟಿಸಬೇಕಾಗಲಿಲ್ಲ. ಮೆಲ್ಲಗೆ ಬಂದು ಮಂಡಿಯೂರಿ, ತನ್ನ ಹಿರಿಯರ ಭಾಷೆಯಲ್ಲಿ ಏನೋ ಒಂದು ಮಾತು ಹೇಳಿದಳು.

"ವಾಯಿಸ್ತಿನು," ಎಂದಳು ಅಜ್ಜಿ ಥಟ್ಟನೆ.

ಐರೀನ್ ಅಜ್ಜಿಯ ಮಡಿಲಲ್ಲಿ ಮುಖ ಇಟ್ಟಳು. ಕೇಳಿದರೆ, ದೇವರು ಸಾವಿನಿಂದ ಎದ್ದ ಹಬ್ಬದ ದಿನ ಒಬ್ಬರು "ಎದ್ದ" ಎನ್ನಬೇಕಂತೆ, ಇನ್ನೊಬ್ಬರು "ನಿಜವಾಗಿಯೂ" ಎನ್ನಬೇಕಂತೆ. ಅಜ್ಜಿ ಕಲಿತಿದ್ದದ್ದು ಉತ್ತರ ಮಾತ್ರ. ಅಷ್ಟು ವರ್ಷ ಅವಳು ಉತ್ತರವನ್ನೇ ಹೇಳಿಕೊಂಡು ಬಂದಿದ್ದಳು, ಮೊದಲ ಮಾತು ಇವತ್ತು ಬಂದು ಸೇರಿತ್ತು.

ತಾನೂ ಅಷ್ಟು ವರ್ಷ ಅದೇ ಉತ್ತರ ಹೇಳಿದ್ದು ನೆನಪಾಗಿ ಅರ್ಪಿತಳಿಗೆ ಹೊಟ್ಟೆ ಉರಿಯಿತು. ಎಷ್ಟು ಹೇಳಿದರೂ ತನಗೆ ಹೀಗೆ ಅಳಲು ಬರುತ್ತಿರಲಿಲ್ಲ.

"ಸುಮ್ನೆ ನಿಂತ್ಕಂಡ್ರೆ? ಕುಟ್ರಿ ಇಬ್ರೂವೆ," ಎಂದು ಅಜ್ಜಿ ಒಂದೊಂದು ಮೊಟ್ಟೆ ಕೈಗಿತ್ತಳು.

ಐರೀನ್ ಮೆತ್ತಗೆ ಹಿಡಿದಳು. ಅರ್ಪಿತ ಚೂಪು ಕಡೆ ಮೇಲೆ ಮಾಡಿ, ಬೆರಳೆಲ್ಲ ಬಿಗಿ ಮಾಡಿ ಕುಟ್ಟಿದಳು. ಒಡೆದದ್ದು ಐರೀನಳದು.

"ಬುಡ್ನಿಲ್ಲ ನೋಡು ಇವ್ಳು!" ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. ಅಳುತ್ತಿದ್ದವಳೂ ನಕ್ಕಳು. ಗೆದ್ದದ್ದಕ್ಕೆ ಅರ್ಪಿತಳಿಗೆ ನಾಚಿಕೆಯಾಗಲಿಲ್ಲ. ಖುಷಿಯೇ ಆಯಿತು.

ಸಿಪ್ಪೆ ಸುಲಿಯುತ್ತ ಅಜ್ಜಿ ಮಾತು ತೆಗೆದಳು. "ಅವ್ಳಿಗೇಳು, ಥೇಟು ದೊರೆಸಾನಿ ಕಣ್ಣೇ ಅವಳ್ದೂವೆ. ಇನ್ಮೇಕೆ ಅವ್ಳೂ ನನ್ ಮಗ ಅಂತೇಳು."

ಅರ್ಪಿತ ಕಣ್ಣಿನ ಮಾತನ್ನು ಒಂದಕ್ಷರ ಬಿಡದೆ ದಾಟಿಸಿದಳು. ಆಮೇಲಿನ ಮಾತಿಗೆ ಇಂಗ್ಲಿಷ್ ಹುಡುಕಿದಳು, ಸಿಗಲಿಲ್ಲ. ಉಪ್ಪಿನ ಪೊಟ್ಟಣವನ್ನು ಐರೀನಳ ಕಡೆ ಸರಿಸಿ, ಕನ್ನಡದಲ್ಲೇ ಅಂದಳು: "ಮಗ."