ಬದುಕಿದ್ದವನಿಗೆ ಬಂದ ಹೂವು

ಸ್ಟಾಮೆನ್‌ನ ಎರಡೂ ಮೂತ್ರಪಿಂಡಗಳು ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದು ಬರುತ್ತಿದ್ದ. ಲೋಮ್ ಊರಿನಲ್ಲಿ ಯಾರಾದರೂ ಕೇಳಿದರೆ ಮಾತ್ರ ಬೆನ್ನುನೋವು ಎನ್ನುತ್ತಿದ್ದ. ಬಂದರಿನಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿದ ಬಿಗುಮಾನ, ಅದಕ್ಕೆ ಯಾವ ವೈದ್ಯರೂ ಮದ್ದು ಕೊಡಲಾರರು. ಹೆಂಡತಿ ವೆಲಿಕಾ ತನ್ನದೇ ಒಂದನ್ನು ಕೊಡುತ್ತೇನೆಂದು ಹೋದರೆ, ಸಕ್ಕರೆ ಕಾಯಿಲೆಯವರದು ಆಗುವುದಿಲ್ಲ ಎಂದು ವಾಪಸು ಕಳಿಸಿದ್ದರು. ಮಕ್ಕಳಿರಲಿಲ್ಲ. ಉಳಿದವನು ಪಕ್ಕದ ಹಳ್ಳಿಯ ತಮ್ಮ ಡೋಬ್ರಿ. ಅಪ್ಪನ ದ್ರಾಕ್ಷಿ ತೋಟದ ಬೇಲಿಯ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೊಂದು ವರ್ಷ.

"ಅವನ ಹತ್ರ ಬೇಡಿದ್ಯೋ, ನೀನು ನನ್ನ ಹೆಂಡ್ತೀನೇ ಅಲ್ಲ" ಎಂದು ಸ್ಟಾಮೆನ್ ಹೆಂಡತಿಯಿಂದ ಆಣೆ ಹಾಕಿಸಿಕೊಂಡಿದ್ದ.

ಡಯಾಲಿಸಿಸ್ ನರ್ಸ್ ಸ್ನೆಝಾನಾ ಒಂದು ದಿನ ವೆಲಿಕಾಳನ್ನು ಹೊರಗೆ ಕರೆದಳು. "ಕಾಯಿಲೆಯವ್ರು ಯಾವತ್ತೂ ಬಾಯಿಬಿಟ್ಟು ಕೇಳಲ್ಲ ಕಣಮ್ಮ. ಅವರ ಪರವಾಗಿ ಇನ್ನೊಬ್ರು ಊರಿಗೆಲ್ಲ ಹೇಳ್ಬೇಕು. ಕೊಡಿ ಅಂತ ಬೇಡ್ಬೇಡ. ಹಿಂಗಾಗಿದೆ ಅಂತ ಹೇಳು, ಸಾಕು. ಗೊತ್ತೇ ಇಲ್ದೋರು ಹೆಂಗೆ ಮುಂದೆ ಬರ್ತಾರೆ?"

ಊರಿಗೆಲ್ಲ ಹೇಳುವುದಕ್ಕೆ ವೆಲಿಕಾಗೆ ಗೊತ್ತಿದ್ದದ್ದು ಒಂದೇ ದಾರಿ. ಲೋಮ್‌ನಲ್ಲಿ ಯಾರು ಸತ್ತರೂ ಫೋಟೊ ಹಾಕಿದ, ಕಪ್ಪು ಅಂಚಿನ ಕಾಗದ ಮನೆ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಬೇಕರಿ ಎದುರಿನ ಮರಕ್ಕೆ ಬೀಳುತ್ತದೆ. ಜನ ಬ್ರೆಡ್ಡು ಕೊಳ್ಳುವ ಮೊದಲು ಅದನ್ನು ನೋಡುತ್ತಾರೆ. ಆಕೆ ಅಂಥ ಕಾಗದ ಅಚ್ಚುಹಾಕುವ ಅಂಗಡಿಗೇ ಹೋಗಿ, "ಕಪ್ಪು ಅಂಚು ಮಾತ್ರ ಬೇಡಪ್ಪ" ಎಂದಳು. ಅಂಚು ತೆಗೆದರು. ಮೇಲೆ ಫೋಟೊ, ಕೆಳಗೆ ದಪ್ಪಕ್ಷರದಲ್ಲಿ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ ಕಾಯಿಲೆಯ ಕಥೆ. ಅಷ್ಟಕ್ಕೇ ಅಪಶಕುನ ಕಳೆಯಿತೆಂದು ನಂಬಿದಳಲ್ಲ, ಅವಳ ಬುದ್ಧಿಗೆ ಏನನ್ನೋಣ! ಈ ಊರಿನವರು ಫೋಟೊ ನೋಡುತ್ತಾರೆ, ಹೆಸರು ನೋಡುತ್ತಾರೆ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮುಂದೆ ಹೋಗುತ್ತಾರೆ. ಸಣ್ಣಕ್ಷರಕ್ಕೆಂದು ಕನ್ನಡಕ ಹುಡುಕುವವರು ಯಾರು? ಊರಿಡೀ ಅಂಟಿಸಿದ ಆಕೆ ಡೋಬ್ರಿಯ ಹಳ್ಳಿಯಲ್ಲಿ ಮಾತ್ರ ಒಂದನ್ನೂ ಅಂಟಿಸಲಿಲ್ಲ. ಆಣೆ ಆಣೆಯೇ.

ಮರುದಿನ ಬೆಳಿಗ್ಗೆ ಬಾಗಿಲ ಗಂಟೆ ಸದ್ದಾಯಿತು. ಪೈಜಾಮದಲ್ಲೇ ಎದ್ದುಹೋಗಿ ತೆರೆದವನು ಸ್ಟಾಮೆನ್. ಎದುರಿಗೆ ಮೇಲಿನ ಮಹಡಿಯ ತ್ಸೋನಜ್ಜಿ, ಕೈಯಲ್ಲಿ ಸತ್ತವರಿಗೆಂದು ಬೇಯಿಸಿ ಸಕ್ಕರೆ ಉದುರಿಸಿದ ಗೋಧಿ.

"ಅಯ್ಯೋ ದೇವ್ರೇ! ನೀನು ಸತ್ತಿಲ್ವೇನೋ?"

"ಇನ್ನೂ ಇಲ್ಲ ಅಜ್ಜಿ. ಯಾಕೆ, ಅವಸರ ಇತ್ತಾ?"

"ಗೋಧಿ ಬೇಯಿಸ್ಬಿಟ್ಟಿದೀನಲ್ಲೋ!"

ವಿಷಯ ತಿಳಿದ ಸ್ಟಾಮೆನ್ ಕೆಂಡವಾದ. "ಬದುಕಿದ್ದಂಗೇ ಹೂತುಬಿಟ್ಯಲ್ಲೇ ನನ್ನ!" ವೆಲಿಕಾಗೆ ನಿಂತ ನೆಲ ಬಾಯಿಬಿಡಬಾರದೇ ಎನಿಸಿತು. ಮಧ್ಯಾಹ್ನದೊಳಗೆ ಇನ್ನೂ ಆರು ಜನ ಬಂದರು. ಕುಳಿತರು, ಅಜ್ಜಿಯ ಗೋಧಿ ತಿಂದರು, "ಹಂಗಾದ್ರೆ ಬೆನ್ನುನೋವಲ್ವಾ?" ಎಂದು ಲೊಚಗುಟ್ಟಿದರು. ಮೂತ್ರಪಿಂಡದ ಮಾತು ಬಂದಾಗ ಮಾತ್ರ ಎಲ್ಲರಿಗೂ ಮನೆ ನೆನಪಾಯಿತು. ಮಾನವೂ ಹೋಯಿತು, ಕೆಲಸವೂ ಆಗಲಿಲ್ಲವೆಂದು ಅವಳು ಅಡುಗೆಮನೆಯಲ್ಲಿ ಕಣ್ಣನ್ನು ಅಂಗೈಯಲ್ಲೇ ಒರೆಸಿಕೊಂಡಳು.

ಆಮೇಲೆ ಬಂದವನು ಡೋಬ್ರಿ. ಸಂತೆಗೆಂದು ಊರಿಗೆ ಬಂದವನು ಬಸ್ ನಿಲ್ದಾಣದಲ್ಲಿ ಫೋಟೊ ನೋಡಿದ್ದನಂತೆ. ಕಣ್ಣು ಊದಿಕೊಂಡಿತ್ತು, ಕೈಯಲ್ಲಿ ನಾಲ್ಕು ಕೆಂಪು ಹೂವು. ಅಲ್ಲಿ ಬದುಕಿದ್ದವರಿಗೆ ಬೆಸಸಂಖ್ಯೆಯಲ್ಲಿ, ಸತ್ತವರಿಗೆ ಸಮಸಂಖ್ಯೆಯಲ್ಲೇ ಒಯ್ಯಬೇಕಲ್ಲ. ಕುರ್ಚಿಯಲ್ಲಿ ಕುಳಿತಿದ್ದ ಅಣ್ಣನನ್ನು ಕಂಡು ಹೊಸ್ತಿಲಲ್ಲೇ ನಿಂತ. ಒಂದು ಹೂವನ್ನು ಕಿತ್ತು ಜೇಬಿಗೆ ತುರುಕಿ, ಉಳಿದ ಮೂರನ್ನು ಚಾಚಿದ.

"ತಗೊಳ್ಳೋ ಅಣ್ಣಾ. ದಾರಿ ತುಂಬ ಎಲ್ರ ಮುಂದೆ ಅತ್ಕೊಂಡು ಬಂದೆ, ಹಾಳಾದೋನೇ."

ಸ್ಟಾಮೆನ್ ತೆಗೆದುಕೊಂಡ. ವೆಲಿಕಾ ಏನನ್ನೂ ಬೇಡಲಿಲ್ಲ. ಒಂದು ಕಾಗದ ತಂದು ಮೈದುನನ ಕೈಗಿಟ್ಟು, "ಕೆಳಗಿರೋ ಸಣ್ಣಕ್ಷರ ಓದಪ್ಪ" ಎಂದಳಷ್ಟೇ.

ಅವನು ಎರಡು ಸಲ ಓದಿದ. "ನನಗ್ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ಆಣೆ ಹಾಕಿಸ್ಕೊಂಡಿದ್ದ."

"ಆಣೆಯಂತೆ! ಅವನಿಗೂ ಕೊಬ್ಬು, ನಂಗೂ ಕೊಬ್ಬು. ಎಲ್ಲಿ ಪರೀಕ್ಷೆ ಮಾಡ್ತಾರೆ, ಅದನ್ನ ಹೇಳು."

ಪರೀಕ್ಷೆಗಳು ಐದು ತಿಂಗಳು ನಡೆದವು. ಹೊಂದಿಕೆಯಾಯಿತು. ಯಾರದಾದರೂ ಒತ್ತಾಯವಿದೆಯೇ, ಯಾಕೆ ಕೊಡುತ್ತಿದ್ದೀರಿ ಎಂದು ಸೋಫಿಯಾದ ಆಸ್ಪತ್ರೆಯ ಹಿರಿಯ ವೈದ್ಯರು ಕೇಳಿದಾಗ ಡೋಬ್ರಿ, "ಇವನಿಗೋಸ್ಕರ ಒಂದ್ಸಲ ಅತ್ತಾಗಿದೆ ಸ್ವಾಮಿ. ಇನ್ನೊಂದ್ಸಲ ನನ್ನ ಕೈಲಾಗಲ್ಲ" ಎಂದ.

ಶಸ್ತ್ರಚಿಕಿತ್ಸೆಯ ಸಂಜೆ ನರ್ಸ್ ಒಬ್ಬಳು ವೆಲಿಕಾಳನ್ನು ಕರೆದು, ಸ್ಟಾಮೆನ್‌ನ ಮಂಚಕ್ಕೆ ತೂಗುಹಾಕಿದ್ದ ಮೂತ್ರದ ಚೀಲ ತೋರಿಸಿದಳು. ಎರಡೂವರೆ ವರ್ಷದಿಂದ ಹನಿ ಕಾಣದವನ ಚೀಲ ಅರ್ಧ ತುಂಬಿತ್ತು. ವೆಲಿಕಾಳ ಎದೆಯ ಮೇಲಿನ ಬಂಡೆ ಇಳಿಯಿತು. ಓಡಿದಳು, ಪಕ್ಕದ ಕೋಣೆಗೆ.

"ಡೋಬ್ರಿ, ನಿಮ್ಮಣ್ಣ ಉಚ್ಚೆ ಹೊಯ್ದ ಕಣೋ!"

"ಹೊಯ್ದೇ ಹೊಯ್ತಾನೆ. ನಂದಲ್ವಾ, ಸೋಮಾರಿ ಅಲ್ಲ ಅದು." ನಗಲು ಹೋಗಿ ಹೊಲಿಗೆ ಜಗ್ಗಿ ನರಳಿದ. "ಇಲ್ಲಿ ಯಾಕೆ ಅಳ್ತಾ ನಿಂತಿದೀಯ? ಹೋಗಿ ಅವನ ಹತ್ರ ಕೂತ್ಕೋ. ಅವನು ನನ್ನ ಕೇಳಿದ್ರೆ, ಬೆಳಿಗ್ಗೆ ಬರ್ತಾನಂತೆ ಅನ್ನು."