ರಾದಿವೋಯ್ ಮುಖದ ಮೇಲಿನ ಚುಕ್ಕೆಗಳು

ನಮ್ಮ ಬಾಚ್ಕಾ ಸೀಮೆಯಲ್ಲಿ ಬದುಕಿರುವಾಗಲೇ ಸಮಾಧಿಕಲ್ಲು ನಿಲ್ಲಿಸಿ, ಅದರ ಮೇಲೆ ತಮ್ಮ ಮುಖ ಕೊರೆಸಿಡುವವರಿದ್ದಾರೆ. ಹಿಟ್ಟಿನ ಗಿರಣಿಯ ರಾದಿವೋಯ್ ಅವರ ಕಲ್ಲಿನಲ್ಲಿ ತೀರಿಕೊಂಡ ಹೆಂಡತಿ ದೇಸಾಂಕಾ ಮುಖ ಆಗಲೇ ಇತ್ತು. ಪಕ್ಕದ ಜಾಗ ಖಾಲಿ. ಕೊರೆಯುವವನು ಫೋಟೋದಲ್ಲಿದ್ದುದನ್ನೆಲ್ಲ ಚುಕ್ಕೆ ಬಿಡದೆ ಕಲ್ಲಿಗಿಳಿಸುತ್ತಾನೆ. ಅದಕ್ಕೇ ನನ್ನ ಮರದ ದೊಡ್ಡ ಕ್ಯಾಮೆರಾ ಬೇಕಾಯಿತು. ನನಗೆ ಹೆದರಿಕೆಯೂ ಅದಕ್ಕೇ. ಅಂಗೈಯಗಲದ ಫಿಲ್ಮಿನ ಮೇಲೆ ಒಂದು ಕಣ ಕೂತರೆ ಅಷ್ಟು ಜಾಗಕ್ಕೆ ಬೆಳಕು ತಾಗುವುದಿಲ್ಲ; ಫೋಟೋದಲ್ಲಿ ಅಲ್ಲಿ ಕಪ್ಪು ಚುಕ್ಕೆ ಏಳುತ್ತದೆ. ಕಲ್ಲಿಗೆ ಹೋದ ಮೇಲೆ ಅದನ್ನು ಅಳಿಸುವವರಿಲ್ಲ.

"ಗಿರಣಿ ನಿಲ್ಸಿ ಚಿಕ್ಕಪ್ಪಾ, ಹಿಟ್ಟು ಹಾರ್ತಿದೆ."

"ನಿಂತ ಗಿರಣಿ ಮುಂದೆ ಕೂರೋಕೆ ನಾನೇನು ಗಿರಾಕಿನಾ? ಓಡ್ತಿರುವಾಗ್ಲೇ ತೆಗಿಯೋ, ಲ್ಯುಬಿಶಾ."

ಫಿಲ್ಮನ್ನು ನಾನು ಮನೆಯ ಬಚ್ಚಲಲ್ಲಿ, ಜಾರುಮುಚ್ಚಳವಿರುವ ಚಪ್ಪಟೆ ಪ್ಲಾಸ್ಟಿಕ್ ಹೋಲ್ಡರಿಗೆ ತುಂಬಿದ್ದೆ: ಬಿಸಿನೀರು ಬಿಟ್ಟು, ಹಬೆಗೆ ಧೂಳು ಕೆಳಗಿಳಿದ ಮೇಲೆ, ಉಣ್ಣೆಯ ಅಂಗಿ ಕಳಚಿಟ್ಟು, ಕತ್ತಲೆಯಲ್ಲಿ. ಗಿರಣಿಯಲ್ಲಿ ಚೀಲದಿಂದ ಹೊರತೆಗೆದಾಗಲೂ ಹೋಲ್ಡರಿನ ಮೇಲೆ ಏನೂ ಇರಲಿಲ್ಲ. ಆದರೂ ಅನುಮಾನ. ಒಣ ಬ್ರಷ್ಷಿನಿಂದ ಒರೆಸಿದೆ. ಮತ್ತೆ ಒರೆಸಿದೆ. ಒಣಗಾಳಿಯ ದಿನ ಹಾಗೆ ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹುಟ್ಟಿ ಧೂಳನ್ನು ಎಳೆದುಕೊಳ್ಳುತ್ತದೆಂದು ಸಂಜೆ ತರಗತಿಯಲ್ಲಿ ಕಲಿಸಿದ್ದರು. ತಲೆಗೆ ಗೊತ್ತಿತ್ತು, ಕೈ ಕೇಳಲಿಲ್ಲ.

ಮುಚ್ಚಳ ಎಳೆದಾಗ ಅದಕ್ಕಂಟಿದ್ದ ಹಿಟ್ಟು ಫಿಲ್ಮಿನ ಮೇಲೆ ಉದುರಿರಬೇಕು; ಫೋಟೋದಲ್ಲಿ ಮುಖದ ತುಂಬ ಚುಕ್ಕೆ ಬಂದವು. ರಾದಿವೋಯ್ ಫೋಟೋವನ್ನು ಕಿಟಕಿಗೆ ಹಿಡಿದು ನೋಡಿದರು.

"ನನ್ನ ಹಿಟ್ಟು ಯಾವಾಗಿಂದ ಕಪ್ಪಾಯ್ತೋ? ಹೀಗೆ ಹೋದ್ರೆ ಸಿಡುಬು ಅಂತ ದೇಸಾಂಕಾ ಪಕ್ಕದಲ್ಲಿ ಮಲಗೋಕೂ ಬಿಡಲ್ಲ."

"ತಪ್ಪು ನಂದು ಚಿಕ್ಕಪ್ಪಾ. ಇನ್ನೊಂದು ತೆಗಿತೀನಿ. ಈ ಸಲ ಮಾತ್ರ ನಿಲ್ಸ್ಬೇಕು."

ಗೊಣಗುತ್ತಲೇ ನಿಲ್ಲಿಸಿದರು. ಹಿಟ್ಟು ತಳ ಸೇರುವವರೆಗೆ ಕಾದೆವು. ಬ್ರಷ್ಷನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಚಿತ್ರದಲ್ಲಿ ಒಂದು ಕಣವೂ ಇರಲಿಲ್ಲ. ಆದರೆ ಅದರಲ್ಲಿ ರಾದಿವೋಯ್ ಕತ್ತು ಓರೆ ಮಾಡಿ, ನಿಂತುಹೋದ ಸದ್ದಿಗೆ ಕಿವಿಗೊಟ್ಟು ಕೂತಿದ್ದರು.

"ಇವನ್ಯಾರಪ್ಪಾ, ಬಸ್ಸು ತಪ್ಪಿಸ್ಕೊಂಡೋನು?" ಎಂದರು. "ಮೊದಲಿಂದೇ ಕೊಡು. ಚುಕ್ಕೆ ನೀನು ತಂದಿದ್ದು, ನೀನೇ ಕೆರಿ."

ಫೋಟೋ ಕಾಗದದ ಮೇಲಿನ ಕಪ್ಪನ್ನು ಬ್ಲೇಡಿನ ಮೊನೆಯಿಂದ ಒಂದೊಂದಾಗಿ ಕೆರೆಯುತ್ತ ಬಂದೆ. ಎಡಗೆನ್ನೆಯ ಒಂದು ಚುಕ್ಕೆಯ ಹತ್ತಿರ ಕೈ ನಿಂತಿತು. ಧೂಳೋ, ಮಚ್ಚೆಯೋ? ಎರಡನೆಯ ಚಿತ್ರದಲ್ಲಿ ಆ ಕೆನ್ನೆ ನೆರಳಿಗೆ ತಿರುಗಿತ್ತು. ಗಿರಣಿಗೆ ಹೋದೆ. ಅವರ ಮುಖದ ಮೇಲೆ ಹಿಟ್ಟು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಸ್ವಲ್ಪ ಮುಖ ತೊಳ್ಕೊಳ್ಳಿ ಚಿಕ್ಕಪ್ಪಾ."

"ಯಾಕೋ, ಹೆಣ್ಣು ನೋಡಿದ್ದೀಯಾ ನಂಗೆ?"

ತೊಳೆದುಕೊಂಡರು. ಮಚ್ಚೆ ಇತ್ತು. ಅದನ್ನು ಹಾಗೇ ಉಳಿಸಿ, ಫೋಟೋವನ್ನು ಕಲ್ಲು ಕೊರೆಯುವವನಿಗೆ ಕೊಟ್ಟು ಬಂದೆ.